ಮಾವನಿಗೆ ಬಾರದ ಕಾಮಾಲೆ

ನನ್ನ ಸೋದರಮಾವನಿಗೆ ಕಾಮಾಲೆ ಬಂದಿರಲಿಲ್ಲ. ಈ ಮಾತನ್ನು ಕೊಟ್ಟೂರಿನಲ್ಲಿ ನಾನು ಇಂದಿಗೂ ಅಲ್ಲಲ್ಲಿ ಹೇಳಬೇಕಾಗುತ್ತದೆ. ನಾನು ತಂಬ್ರಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವವಳು. ಸಂತೆಗೆಂದೋ ಮದುವೆಗೆಂದೋ ಕೊಟ್ಟೂರಿಗೆ ಹೋದರೆ ಯಾರಾದರೊಬ್ಬರು ತಡೆದು ನಿಲ್ಲಿಸಿ, “ನಿಮ್ಮ ಮಾವಗ ಈಗ ಹೆಂಗೈತವಾ? ಕಣ್ಣು ಬೆಳ್ಳಗಾದವಾ?” ಎಂದು ಕೇಳುತ್ತಾರೆ. ನನಗೆ ಮೊದಲೇ ಸಿಟ್ಟು ಮೂಗಿನ ಮೇಲೆ. “ಅವು ಯಾವಾಗ್ಲೂ ಬೆಳ್ಳಗನ ಇದ್ವು” ಎಂದು ಹೇಳಿ ಮುಂದೆ ನಡೆಯುತ್ತೇನೆ.

ಮಾವನದು ಬಸ್ ನಿಲ್ದಾಣದ ಹತ್ತಿರ ಮಿರ್ಚಿ-ಮಂಡಕ್ಕಿ ಅಂಗಡಿ. ಕೆಲವು ವರ್ಷದ ಹಿಂದೆ ಕೂಡ್ಲಿಗಿ ರಸ್ತೆಯಲ್ಲಿ ಸರಕಿನ ಟೆಂಪೊ ಒಂದು ಅವನ ಬೈಕಿಗೆ ಗುದ್ದಿ ಬಲಗೈ ಮುರಿಯಿತು. ಮೂಳೆ ಕೂಡಿತು, ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಆಮೇಲೆ ಕೂಡಲೇ ಇಲ್ಲ. ಇದೇನು ಮಹಾ ಎನ್ನಬೇಡಿ. ಮಿರ್ಚಿ ಮಾಡುವವನು ಮೆಣಸಿನಕಾಯಿಯನ್ನು ತೊಟ್ಟಿನಲ್ಲಿ ಹಿಡಿದು, ಕಡಲೆಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಗೆ ಬಿಡಬೇಕು. ಆ ಎರಡು ಬೆರಳು ಸೇರದಿದ್ದರೆ ಕಸುಬೇ ಇಲ್ಲ. ಮಾವ ಎಡಗೈಯಲ್ಲಿ ಮಾಡಿ ನೋಡಿದ. ಹಿಟ್ಟು ಒಂದು ಕಡೆ ಬೆಂದಿತು, ಮೆಣಸಿನಕಾಯಿ ಇನ್ನೊಂದು ಕಡೆ ಬತ್ತಲೆ ಬೆಂದಿತು. ಕೊನೆಗೆ ಅತ್ತೆಯೇ ಬಾಣಲೆ ಮುಂದೆ ನಿಂತಳು. ಮಾವ ಹಿಟ್ಟು ಕಲಸುವುದಕ್ಕೂ ಗಿರಾಕಿಗಳನ್ನು ಮಾತಾಡಿಸುವುದಕ್ಕೂ ಉಳಿದ.

ಪರಿಹಾರಕ್ಕೆ ಕೇಸು ಹಾಕಿದೆವು. ಅದನ್ನು ಕೆಡಿಸಿದವನು ಮಾವನೇ. ಯಾರು ಏನು ಕೇಳಿದರೂ “ಆರಾಮ್ರಿ” ಎನ್ನುವುದು ಅವನ ಚಾಳಿ. ಜ್ವರದಲ್ಲಿ ನಡುಗುತ್ತಿದ್ದರೂ ಆರಾಮ, ಮನೆಯ ಮಾಡು ಸೋರುತ್ತಿದ್ದರೂ ಆರಾಮ. ಸಾಕ್ಷಿ ಹೇಳುವ ದಿನ ವಿಮಾ ಕಂಪನಿಯ ವಕೀಲರು ಬಲು ಪ್ರೀತಿಯಿಂದ, “ಈಗ ಆರಾಮ ಅದೀರಲ್ಲ ಯಜಮಾನ್ರ?” ಎಂದರು. ಮಾವ ಕೈಮುಗಿದು, “ಆರಾಮ ಅದೀನ್ರಿ. ನೀವು? ಮನ್ಯಾಗ ಎಲ್ಲಾರೂ ಆರಾಮಾ?” ಎಂದ. ಎರಡನೆಯ ಭಾಗವನ್ನು ಯಾರೂ ಬರೆದುಕೊಳ್ಳಲಿಲ್ಲ. ಅರ್ಜಿದಾರ ಗುಣವಾಗಿರುವುದನ್ನು ತಾನೇ ಒಪ್ಪಿದ್ದಾನೆ, ಕಸುಬಿಗೆ ಅಡ್ಡಿಯಿಲ್ಲ ಎಂದು ತೀರ್ಪಾಯಿತು. ನಾನು ಕೋರ್ಟಿನ ಮೆಟ್ಟಿಲ ಮೇಲೆ ಹಣೆ ಹಣೆ ಬಡಿದುಕೊಂಡೆ.

ಅಪೀಲು ಹಾಕಬಹುದು, ಮೂರು ತಿಂಗಳ ವಾಯಿದೆ ಇದೆ ಎಂದರು ಹರಪನಹಳ್ಳಿಯ ನಮ್ಮ ವಕೀಲರು. ಮಾವನಿಗೆ ಅವರು ಹೇಳಿದ್ದು ಒಂದೇ ಕೆಲಸ: “ಕೋರ್ಟಿಗೆ ಹೋಗಿ ತೀರ್ಪಿನ ದೃಢೀಕೃತ ನಕಲು ತಗಂಡ್ ಬರ್ರಿ. ಉಳಿದದ್ದು ನಾನು ನೋಡ್ಕಂತೀನಿ.”

ಕೋರ್ಟಿನಲ್ಲಿ ನಕಲು ಎಂದರೆ ಪ್ರತಿ. ಮಾವನ ಅಂಗಡಿಯಲ್ಲಿ ನಕಲು ಎಂದರೆ ಬಟಾಣಿ ಬೆರೆಸಿದ ಕಡಲೆಹಿಟ್ಟು. ಒಮ್ಮೆ ಅಂಥ ಹಿಟ್ಟು ಕೊಟ್ಟ ವ್ಯಾಪಾರಿಯ ಜೊತೆ ಅವನು ಮಾತು ಬಿಟ್ಟವನು ಇನ್ನೂ ಕೂಡಿಲ್ಲ. ಗುಮಾಸ್ತರು ಪ್ರತಿಯನ್ನು ತೆಗೆದು ಮುಂದಿಟ್ಟು, “ನಕಲು ರೆಡಿ ಐತಿ, ಸಹಿ ಮಾಡಿ ಒಯ್ರಿ” ಎಂದಾಗ ಮಾವನ ಮುಖ ಗಂಟಾಯಿತಂತೆ.

“ನಕಲು ಬ್ಯಾಡ್ರಿ ಸಾಹೇಬ್ರ. ಅಸಲು ಕೊಡ್ರಿ.”

“ಅಸಲು ಕೋರ್ಟಿನ್ಯಾಗ ಇರತೈತ್ರಿ. ಅದನ್ನ ಯಾರಿಗೂ ಕೊಡಾಕ ಬರಂಗಿಲ್ಲ.”

“ಇರ್ಲಿ ಬಿಡ್ರಿ, ಅವಸರ ಇಲ್ಲ. ಇನ್ನೊಮ್ಮೆ ಬರ್ತೀನಿ.”

ಇನ್ನೊಮ್ಮೆ ಹೋದ, ಮತ್ತೊಮ್ಮೆ ಹೋದ. ಒಂದು ಸಲ ಬಿಸಿ ಮಿರ್ಚಿ ಕಟ್ಟಿಸಿಕೊಂಡೂ ಹೋದ. ಗುಮಾಸ್ತರು ಮಿರ್ಚಿಯನ್ನು ಹಿಂದಕ್ಕೆ ತಳ್ಳಿ ನಕಲನ್ನು ಮುಂದಕ್ಕೆ ತಳ್ಳಿದರು. ಮಾವ ನಕಲನ್ನು ಹಿಂದಕ್ಕೆ ತಳ್ಳಿ, ಮಿರ್ಚಿ ತಿನ್ನುತ್ತ ಊರಿಗೆ ಬಂದ. ಮನೆಯಲ್ಲಿ ಕೇಳಿದರೆ “ಆಕ್ಕೈತಿ, ಆಕ್ಕೈತಿ” ಎನ್ನುತ್ತಿದ್ದ. ಹೀಗೆ ವಾಯಿದೆ ದಾಟಿತು. ವಕೀಲರು ನನಗೆ ಫೋನು ಮಾಡಿ, “ಏನ್ ಟೀಚರ್, ನಿಮ್ಮ ಮಾವ ಅಪೀಲು ಬ್ಯಾಡ ಅಂತಾರಾ?” ಎಂದು ಕೇಳಿದಾಗಲೇ ನಮಗೆ ವಿಷಯ ತಿಳಿದದ್ದು. ನಾನು ಹೋಗಿ ಮಾವನನ್ನು ಬೈದೆ. ಅವನು ಶಾಂತವಾಗಿ, “ದೃಢೀಕೃತ ನಕಲು ಅಂದ್ರ ಏನವಾ? ಖಾತ್ರಿ ಡೂಪ್ಲಿಕೇಟು. ಅದನ್ನ ಒಯ್ದು ದೊಡ್ಡ ಕೋರ್ಟಿಗೆ ಕೊಟ್ರ ನನ್ನ ಒಳಗ ಹಾಕಂಗಿಲ್ಲೇನು?” ಎಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಕಲನ್ನು ನಾನೇ ತಂದೆ. ಮಾವ, ಅತ್ತೆ, ನಾನು ಮೂವರೂ ಹರಪನಹಳ್ಳಿಗೆ ಹೋದೆವು. ತಡವಾದರೂ ದಾರಿಯಿದೆ ಎಂದರು ವಕೀಲರು. ತಡವಾದದ್ದು ಏಕೆ ಎಂದು ಪ್ರಮಾಣಪತ್ರ ಬರೆದು, ವಿಳಂಬವನ್ನು ಮನ್ನಿಸಿ ಎಂದು ಬೇಡಿಕೊಳ್ಳಬೇಕು. ಕೋರ್ಟು ಒಪ್ಪಿದರೆ ಅಪೀಲು ಒಳಗೆ ಹೋಗುತ್ತದೆ, ಒಪ್ಪದಿದ್ದರೆ ಮಾವನ ಬೆರಳಿನ ಕಥೆ ಅಲ್ಲಿಗೇ ಮುಗಿಯಿತು. ನಾನು ನಕಲು-ಅಸಲಿನ ಕಥೆ ಹೇಳಿದೆ. ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು.

“ಇದನ್ನ ಬರದ್ರ ಯಾರ್ ನಂಬ್ತಾರ? ಕಾಮಾಲಿ ಬರಿಯಾಣ. ಎಲ್ಲಾರೂ ಅದನ್ನ ಬರಸ್ತಾರ. ಕಾಮಾಲಿ ಆಗಿತ್ತು, ನಾಟಿ ಔಷಧಿ ತಗಂಡು ಪಥ್ಯದಾಗಿದ್ದೆ, ಎದ್ದು ಓಡಾಡಾಕ ಆಗ್ಲಿಲ್ಲ ಅಂತ.”

ವಕೀಲರು ಹೇಳಿ ಮುಗಿಸುವ ಮೊದಲೇ ಟೈಪು ಮಾಡುವವನು ಅರ್ಧ ಬಡಿದಿದ್ದ. ಸಹಿಗೆ ಮುಂದಿನ ವಾರ ಬನ್ನಿ ಎಂದರು. ಅಲ್ಲಿ ಬೆಂಚಿನ ಮೇಲೆ ಕೊಟ್ಟೂರಿನವನೊಬ್ಬ ತನ್ನ ಕೆಲಸಕ್ಕೆ ಕಾದು ಕುಳಿತಿದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ನಾವು ಬಸ್ಸಿನಲ್ಲಿ ಕೊಟ್ಟೂರು ಮುಟ್ಟುವ ಮೊದಲೇ ಮಾವನ ಕಾಮಾಲೆ ಕೊಟ್ಟೂರು ಮುಟ್ಟಿತ್ತು.

ಮರುದಿನ ಅಂಗಡಿಯ ಮುಂದೆ ಜನವಿತ್ತು, ಆದರೆ ತಟ್ಟೆ ಹಿಡಿದವರು ಒಬ್ಬರೂ ಇಲ್ಲ. ಎಲ್ಲರೂ ಎರಡು ಮಾರು ದೂರ ನಿಂತು ಮಾವನನ್ನು ನೋಡುತ್ತಿದ್ದರು. ಒಬ್ಬ ಹಿರಿಯರು ಧೈರ್ಯ ಮಾಡಿ ಹತ್ತಿರ ಬಂದು, ಅವನ ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ಪರೀಕ್ಷಿಸಿದರು. ಆಮೇಲೆ ಕೈ ನೋಡಿದರು. ಮಾವ ಆಗಷ್ಟೇ ಹಿಟ್ಟು ಕಲಸಿದ್ದ. ಮೊಣಕೈವರೆಗೂ ಹಳದಿ!

“ಅಯ್ಯಯ್ಯೋ, ಕೈಗೆಲ್ಲಾ ಏರೈತಲ್ಲೋ!” ಎಂದು ಅವರು ಕೂಗಿದರು.

“ಅದು ಹಿಟ್ರಿ. ನಾನು ಆರಾಮ ಅದೀನಿ” ಎಂದ ಮಾವ. ಅವನ ಆರಾಮದ ಬೆಲೆ ಊರಿಗೆಲ್ಲ ಗೊತ್ತಿದ್ದದ್ದೇ. “ಪಾಪ, ನುಂಗ್ಕೋತಾನ” ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅರಸೀಕೆರೆಯಿಂದ ಬಂದ ಬೀಗರು ಕಾಮಾಲೆಗೆ ಮದ್ದೆಂದು ಒಂದು ಹೊರೆ ನೆಲನೆಲ್ಲಿ ಕಿತ್ತು ತಂದು ಜಗುಲಿಯ ಮೇಲೆ ಹಾಕಿದರು. ಹಡಗಲಿ ಕಡೆ ಒಬ್ಬ ನಾಟಿ ವೈದ್ಯನಿದ್ದಾನೆ, ಈಗಲೇ ಕರೆದೊಯ್ಯುತ್ತೇನೆಂದು ಇನ್ನೊಬ್ಬ ಬೈಕು ಚಾಲೂ ಮಾಡಿಕೊಂಡೇ ನಿಂತ. ಮಾವ ಎಲ್ಲರಿಗೂ ಕೈಮುಗಿದ. ವಾರವಿಡೀ ಎಣ್ಣೆ ಕಾಯಿತು, ಆರಿತು. ಅತ್ತೆ ಕರಿದ ಮಿರ್ಚಿಯನ್ನು ಮನೆಯವರೇ ತಿಂದು ನಮಗೆಲ್ಲ ಎದೆಯುರಿ ಹಿಡಿಯಿತು.

ಸಹಿಯ ದಿನ ಬಂತು. ನೋಟರಿಯವರು ಕಾಗದ ಹಿಡಿದು, “ಇದರಾಗ ಬರದದ್ದು ಖರೇನಾ ಯಜಮಾನ್ರ?” ಎಂದರು. ಮಾವ ಹೂಂ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ ಮೇಜಿನ ಮೇಲೆ ಕೈಯೂರಿ ನಿಂತಳು.

“ಸುಳ್ಳು. ಇವ್ರಿಗೆ ಕಾಮಾಲಿ ಬಂದಿಲ್ಲ. ಬಂದಿದ್ದು ಪೆದ್ದತನ. ಅದನ್ನ ಬರೀರಿ.”

“ಜಡ್ಜ್ ಸಾಹೇಬ್ರು ನಗ್ತಾರಮ್ಮ” ಎಂದರು ವಕೀಲರು.

“ನಗ್ಲಿ ಬಿಡ್ರಿ. ನಕ್ಕವರು ನಾಳಿ ಮಿರ್ಚಿ ತಿನ್ನಾಕ ಬರ್ತಾರ. ಕಾಮಾಲಿ ಅಂದ್ರ ಯಾರ್ ಬರ್ತಾರ? ಕೈ ಹೋತು, ಅಂಗಡಿನೂ ಹೋಗ್ಬೇಕೇನು?”

ನನ್ನ ಅತ್ತೆಯ ಮೇಲೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ವಕೀಲರು ನಿಟ್ಟುಸಿರು ಬಿಟ್ಟು, ಕಡಲೆಹಿಟ್ಟಿನ ವ್ಯಾಪಾರಿಯಿಂದ ಹಿಡಿದು ಎಲ್ಲವನ್ನೂ ಬರೆಸಿದರು. ಕಾಮಾಲೆಯ ಕಾಗದವನ್ನು ಅತ್ತೆ ಕೇಳಿ ಪಡೆದು, ಅಲ್ಲೇ ಹರಿದು ಬುಟ್ಟಿಗೆ ಹಾಕಿದಳು.

ಧಾರವಾಡದ ಹೈಕೋರ್ಟಿನಲ್ಲಿ ಅರ್ಜಿ ಬಂದ ದಿನ ನಾವು ಮೂವರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಬಲಗೈಯನ್ನು ಟವೆಲಿನೊಳಗೆ ಇಟ್ಟುಕೊಂಡಿದ್ದ. ವಕೀಲರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ನ್ಯಾಯಮೂರ್ತಿಗಳು ಕಾಗದ ಓದುತ್ತ ಓದುತ್ತ ಕೈಯಿಂದ ಬಾಯಿ ಮುಚ್ಚಿಕೊಂಡರು. ವಿಮಾ ಕಂಪನಿಯ ವಕೀಲರು ಆಕ್ಷೇಪಿಸಲು ಎದ್ದವರು ತಾವೇ ನಕ್ಕುಬಿಟ್ಟರು. “ಇಂಥ ಕಾರಣವನ್ನು ಯಾರೂ ಕಟ್ಟಿ ಹೇಳಲಾರರು” ಎಂದು ನ್ಯಾಯಮೂರ್ತಿಗಳು ಕನ್ನಡದಲ್ಲೇ ಹೇಳಿ, ವಿಳಂಬವನ್ನು ಮನ್ನಿಸಿದರು. ಊಟದ ಡಬ್ಬಿ ತೆರೆಯುವಷ್ಟು ಹೊತ್ತಿನಲ್ಲಿ ಎಲ್ಲ ಮುಗಿದಿತ್ತು.

ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತೆವು. ಮಾವ ಖುಷಿಯಲ್ಲಿದ್ದ. “ಬೆರಳಿನ ಬಗ್ಗೆ ಏನಂದ್ರವಾ?” ಎಂದು ಕೇಳಿದ.

“ಬೆರಳಿನ ಮಾತ ಬಂದಿಲ್ಲ ಮಾವ. ಇವತ್ತು ಒಳಗ ಬಿಟ್ಕೊಂಡಾರ ಅಷ್ಟ. ಅಪೀಲು ಇನ್ನ ಮುಂದ ಕೇಳ್ತಾರ.”

ಅವನು ಟವೆಲಿನ ಕಡೆ ನೋಡಿದ. “ಹಂಗಾರ ನನ್ನ ಮತ್ತ ಕೇಳ್ತಾರೇನು? ಈ ಸಲ ಖರೇ ಹೇಳಿಬಿಡ್ತೀನವಾ. ನೋವೈತಿ ಅಂತ ಹೇಳ್ತೀನಿ.”

ಅಪೀಲಿನಲ್ಲಿ ಸಾಮಾನ್ಯವಾಗಿ ಯಾರನ್ನೂ ಕರೆದು ಕೇಳುವುದಿಲ್ಲ, ಕೆಳಗಿನ ಕೋರ್ಟಿನ ಕಾಗದಗಳನ್ನೇ ನೋಡುತ್ತಾರೆ ಎಂದು ವಕೀಲರು ನನಗೆ ಮೊದಲೇ ಹೇಳಿದ್ದರು. ಅದನ್ನು ಮಾವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ಹೇಳಲು ಮನಸ್ಸು ಮಾಡಿದಾಗ ಕೇಳುವವರಿಲ್ಲದಂತಾಯಿತಲ್ಲ ಎಂದು ಸಂಕಟವಾಯಿತು.

ಅತ್ತೆ ತೊಡೆಯ ಮೇಲಿದ್ದ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟಳು. “ಅವ್ರು ಕೇಳಿದಾಗ ಕೇಳ್ಲಿ. ಈಗ ನನ್ಮುಂದ ಹೇಳ್ರಿ. ಎಲ್ಲಿ ನೋಯ್ತೈತಿ?”

ಮಾವ ಸುತ್ತ ನೋಡಿದ. ಟವೆಲು ಸರಿಸಿ ಕೈಯನ್ನು ಅವಳ ಮುಂದೆ ಚಾಚಿದ. “ಇಲ್ಲಿಂದ ಇಲ್ಲಿಗೆ ಜಗ್ತೈತಿ. ಮುಂಜಾನಿ ಏಳೂತ್ಲೆ ಭಾಳ. ನೀನು ಬಾಂಡ್ಲಿ ಮುಂದ ನಿಂತಿದ್ದು ನೋಡಿದಾಗ ಇನ್ನಾ ಭಾಳ” ಎಂದ. ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ನೀವುತ್ತ ಕುಳಿತಳು. ಅವನು ಹೇಳುತ್ತಲೇ ಹೋದ. ಎದುರಿನ ರಸ್ತೆಯಲ್ಲಿ ನಮ್ಮ ಬಸ್ಸು ಬಂದು ನಿಂತು ಹೊರಟುಹೋಯಿತು. ನೋಡಿಯೂ ನಾನು ಅವರನ್ನು ಎಬ್ಬಿಸಲಿಲ್ಲ.