ಇಬ್ಬರು ಬಂದರಷ್ಟೇ ಏಳುತ್ತೇನೆಂದ ಪೈಲ್ವಾನರು

ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ಕಳೆದ ವರ್ಷ ನಜರ್‌ಬಾದ್ ಕಡೆಯ ಹಳೇ ಪೈಲ್ವಾನರೊಬ್ಬರು ನಮ್ಮಲ್ಲಿಗೆ ಬಂದರು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ಎಪ್ಪತ್ತು ದಾಟಿದ್ದರೂ ಆಳು ಇನ್ನೂ ಬಾಗಿಲಗಲ. ಆಪರೇಷನ್ ಮುಗಿದು ಎಚ್ಚರವಾದಾಗ ಅವರು ಕೇಳಿದ ಮೊದಲ ಮಾತು, "ಊಟ ಎಷ್ಟೊತ್ಗೆ ಕೊಡ್ತೀರಿ?"

ಅವರನ್ನು ದಿನಾ ಮಂಚದಿಂದ ಕುರ್ಚಿಗೆ ಕೂರಿಸಬೇಕಿತ್ತು. ಒಂದು ಬೆಳಿಗ್ಗೆ ಆಯಾ ಬೇರೊಬ್ಬ ರೋಗಿಯನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದಳು. ಅವಳಿಗಾಗಿ ಕಾಯುವಷ್ಟು ಪುರುಸೊತ್ತಿರಲಿಲ್ಲ. ನಾನೊಬ್ಬಳೇ ಅವರ ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿದೆ. ಅರ್ಧ ಎದ್ದವರು ನನ್ನ ಕಡೆಗೆ ವಾಲಿದರು. ಬಿಟ್ಟರೆ ಬೀಳುತ್ತಾರೆ. ಸೊಂಟ ತಿರುಚಿ ಹೇಗೋ ಅವರನ್ನು ಮತ್ತೆ ಮಂಚಕ್ಕೇ ಕೂರಿಸಿದೆ. ಬೆನ್ನಿನ ಕೆಳಗೆ ಚಳಕ್ ಎಂದಿತು. ಪಕ್ಕದ ಖಾಲಿ ಮಂಚದ ಕಂಬಿ ಹಿಡಿದು ಬಗ್ಗಿದವಳಿಗೆ ನೆಟ್ಟಗಾಗಲು ಆಗಲೇ ಇಲ್ಲ.

ಪೈಲ್ವಾನರು ಕರೆಗಂಟೆ ಒತ್ತಿ ಹಿಡಿದು ಕೂಗತೊಡಗಿದರು. "ಯಾರ್ರೀ ಅಲ್ಲಿ! ಬೇಗ ಬನ್ರೀ! ಸಿಸ್ಟರಮ್ಮನ ಸೊಂಟ ಹಿಡ್ಕೊಬುಟ್ಟದೆ!"

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಓಡಿ ಬಂದು ನನ್ನನ್ನು ಆ ಖಾಲಿ ಮಂಚದ ಮೇಲೇ ಮಲಗಿಸಿದರು. ರೋಗಿ ಕೂತು, ನರ್ಸ್ ಮಲಗಿದ್ದನ್ನು ನೋಡಿ ವಾರ್ಡಿನವರೆಲ್ಲ ನಕ್ಕರು. ನನಗೂ ನಗು ಬಂತು. ನಕ್ಕರೆ ನೋವು ಇನ್ನೂ ಜಾಸ್ತಿ.

"ಈ ಕೆಲ್ಸದಲ್ಲಿ ಸೊಂಟನೋವು ಯಾರಿಗಿಲ್ಲ ಹೇಳು? ಬೆಲ್ಟ್ ಕಟ್ಕೊಂಡು ಒಂದು ಮಾತ್ರೆ ನುಂಗು, ಸಂಜೆಗೆ ಸರಿಹೋಗುತ್ತೆ," ಎಂದರು ಇನ್‌ಚಾರ್ಜ್. ಕರುಣೆಯಿಲ್ಲದೆ ಆಡಿದ ಮಾತಲ್ಲ. ಯೂನಿಫಾರಂ ಒಳಗೆ ಅವರೂ ಬೆಲ್ಟ್ ಕಟ್ಟಿಕೊಂಡೇ ಡ್ಯೂಟಿಗೆ ಬರುತ್ತಿದ್ದರು. ಡಾಕ್ಟರು ಮಾತ್ರ ನೋಡಿದವರೇ ಒಂದು ವಾರ ರಜೆ ಬರೆದರು.

ನಾನು ಮನೆಗೆ ಹೊರಡುವಾಗ ಪೈಲ್ವಾನರ ಕಣ್ಣು ಒದ್ದೆಯಾಗಿತ್ತು. "ನನ್ನಿಂದ ಆಗೋಯ್ತು ಕಣಮ್ಮ. ಗರಡೀಲಿ ಎಷ್ಟೋ ಜನನ ಕೆಡವಿವ್ನಿ, ಒಂದ್ ದಿನಾನೂ ಹಿಂಗೆ ಸಂಕಟ ಆಗಿರ್ಲಿಲ್ಲ."

ನಮ್ಮ ಯಜಮಾನರಿಗೆ ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವರು ಕೇಳಿದರು, "ನಮ್ಮಲ್ಲಿ ಒಂದು ಎಣ್ಣೆ ಡ್ರಮ್ ಜರುಗಿಸೋಕೂ ಟ್ರಾಲಿ ಕೊಟ್ಟವ್ರೆ. ಮನುಷ್ಯರನ್ನ ಎತ್ತೋಕೆ ನಿಮ್ಗೆ ಏನೂ ಕೊಟ್ಟಿಲ್ವಾ?" ಆ ವಾರ ಅಡುಗೆಗೆ ಅವರೇ ನಿಂತರು. ಸಾರಿಗೆ ಉಪ್ಪು ಜಾಸ್ತಿಯಾಗಿದ್ದರೂ, ಕೂತಲ್ಲಿಗೇ ತಟ್ಟೆ ಬಂದ ಖುಷಿಯಲ್ಲಿ ತುಟಿಪಿಟಕ್ಕೆನ್ನದೆ ಉಂಡೆ.

ಇತ್ತ ವಾರ್ಡಿನಲ್ಲಿ ಪೈಲ್ವಾನರು ಹಟ ಹಿಡಿದಿದ್ದರಂತೆ. ಜೊತೆಯ ನರ್ಸ್ ಫೋನ್ ಮಾಡಿ ನಗುತ್ತಲೇ ಹೇಳಿದಳು. ಎಬ್ಬಿಸಲು ಒಬ್ಬಳೇ ಹೋದರೆ ಮಂಚದ ಕಂಬಿ ಹಿಡಿದು ಕೂತುಬಿಡುತ್ತಿದ್ದರಂತೆ. "ಒಬ್ರೇ ಬಂದ್ರೆ ನಾ ಏಳಾಕಿಲ್ಲ. ಇಬ್ರು ಬನ್ನಿ, ಆಗ ಎದ್ದೇಳ್ತೀನಿ." ಇನ್‌ಚಾರ್ಜ್ ಗದರಿದರೂ ಜಗ್ಗಲಿಲ್ಲವಂತೆ.

ಅವರಿಗೆ ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಸ್ಟ್ ಈ ಜಗಳ ಕೇಳಿಸಿಕೊಂಡರು. "ಸಿಸ್ಟರ್, ಇದಕ್ಕೇ ಅಂತ ತರಿಸಿದ ಪಟ್ಟಿ ನಮ್ಮ ರೂಮಿನ ಬೀರು ಹಿಂದೆ ಬಿದ್ದಿದೆ. ಯಾರೂ ಕೇಳಲೇ ಇಲ್ಲ," ಎಂದು ಹೋಗಿ ತಂದರು. ಹಿಡಿಕೆಗಳಿರುವ ಅಗಲವಾದ ಪಟ್ಟಿ ಅದು. ರೋಗಿಯ ಸೊಂಟಕ್ಕೆ ಕಟ್ಟಿ, ಎರಡೂ ಕಡೆ ಒಬ್ಬೊಬ್ಬರು ಹಿಡಿದುಕೊಂಡರೆ ಭಾರ ಹಂಚಿಹೋಗುತ್ತದೆ.

ನಾನು ಡ್ಯೂಟಿಗೆ ಮರಳಿದ ದಿನ ಎಲ್ಲ ನರ್ಸ್‌ಗಳಿಗೂ ಅದರ ಪಾಠ ನಡೆದಿತ್ತು. ಪಟ್ಟಿ ಕಟ್ಟಿಸಿಕೊಂಡು ಮಾದರಿಯಾಗಿ ಕೂತವರು ಪೈಲ್ವಾನರೇ. ಇನ್‌ಚಾರ್ಜ್ ಒಂದು ಹಿಡಿಕೆ ಹಿಡಿದರು, ಇನ್ನೊಂದನ್ನು ಫೋನ್ ಮಾಡಿದ್ದ ಗೆಳತಿ. ಪೈಲ್ವಾನರು ಸಲೀಸಾಗಿ ಎದ್ದು ನಿಂತರು. ಇನ್‌ಚಾರ್ಜ್ ಕೈಯಲ್ಲಿದ್ದ ಹಿಡಿಕೆ ನೋಡಿ, "ಇಷ್ಟೇನಾ? ಇಷ್ಟು ವರ್ಷ ಸುಮ್ನೆ ಸೊಂಟ ಹಾಳ್ ಮಾಡ್ಕೊಂಡ್ನಲ್ಲ ಕಣೇ!" ಎಂದರು. ಅವತ್ತಿನಿಂದ ನಮ್ಮ ವಾರ್ಡಿನಲ್ಲಿ ಯಾರೂ ಒಬ್ಬರೇ ರೋಗಿಯನ್ನು ಎತ್ತುವಂತಿಲ್ಲ. ಇನ್‌ಚಾರ್ಜ್ ಆಡಳಿತದವರ ಬೆನ್ನು ಬಿದ್ದು ಇನ್ನೊಬ್ಬ ಆಯಾಳನ್ನೂ ಹಾಕಿಸಿಕೊಂಡರು.

ಫಿಸಿಯೋ ನನಗೂ ಬೆನ್ನಿನ ವ್ಯಾಯಾಮ ಹೇಳಿಕೊಟ್ಟಿದ್ದರು. ಊಟದ ಬಿಡುವಿನಲ್ಲಿ ಪೈಲ್ವಾನರ ಮಂಚದ ಪಕ್ಕ ಗೋಡೆಗೊರಗಿ ಮಾಡುತ್ತಿದ್ದೆ.

"ಉಸ್ರು ಕಟ್ಬ್ಯಾಡ ತಾಯಿ, ಬುಡು. ಹಾ, ಹಂಗೆ."

"ನನ್ನ ವಿಷ್ಯ ಇರ್ಲಿ, ನೀವು ಮೊದ್ಲು ಕಾಲು ಎತ್ತಿ."

ಬೈಯುತ್ತ ಎತ್ತುತ್ತಿದ್ದರು. ನನ್ನ ನೋವು ದಿನದಿನಕ್ಕೆ ಕರಗಿತು. ಸಂಜೆ ಮನೆಗೆ ಹೋದರೆ ಮೊದಲಿನಂತೆ ಹಾಸಿಗೆ ಹುಡುಕುವುದು ತಪ್ಪಿ, ಮಗಳ ಜೊತೆ ನೆಲದ ಮೇಲೆ ಕೂತು ಆಡುವಂತಾದೆ.

ಅವರು ಮನೆಗೆ ಹೊರಟ ದಿನ ಅವರ ಹೆಂಡತಿ ದೊಡ್ಡ ಫ್ಲಾಸ್ಕಿನಲ್ಲಿ ಬಾದಾಮಿ ಹಾಲು ತಂದು ವಾರ್ಡಿಗೆಲ್ಲ ಹಂಚಿದರು. ಪೈಲ್ವಾನರು ವಾಕರ್ ಹಿಡಿದು ಲಿಫ್ಟಿನ ಕಡೆ ನಿಧಾನಕ್ಕೆ ಹೆಜ್ಜೆ ಹಾಕಿದರು. ಇನ್‌ಚಾರ್ಜ್ ಎರಡನೇ ಲೋಟ ಮುಗಿಸಿ ತುಟಿ ಒರೆಸಿಕೊಂಡು ಹಿಂದಿನಿಂದ ಕೂಗಿದರು, "ಇನ್ನೊಂದ್ ವಾರ ಇರ್ಬೋದಿತ್ತು ಕಣ್ರೀ ನೀವು!"