ಮೊಣಕಾಲು ಹುಡುಕಿದ ರೈಲು ದಾರಿ

ಮೊಣಕಾಲು ನೋಯತೊಡಗಿದ ಮೇಲೆ ನಾನು ಊರುಗಳನ್ನು ಬೇರೆ ರೀತಿ ಓದುತ್ತಿದ್ದೇನೆ. ಶೃಂಗೇರಿ ಎಂದರೆ ಹೊಳೆಗೆ ಇಳಿಯುವ ಮೆಟ್ಟಿಲು. ಜಯಪುರ ಎಂದರೆ ಬಸ್ಸಿನ ಮೊದಲ ಪಾವಟಿಗೆ. ಡಾಕ್ಟರು, ದಿನಾ ಸಮತಟ್ಟು ಜಾಗದಲ್ಲಿ ನಡೆಯಿರಿ ಎಂದರು. ಅವರು ಬಯಲುಸೀಮೆಯವರು. ನಮ್ಮ ಕೊಪ್ಪದಲ್ಲಿ ಸಮತಟ್ಟು ಎಂದರೆ ಬಸ್ ನಿಲ್ದಾಣ. ಅಲ್ಲಿ ನಡೆಯಲು ಬಸ್ಸುಗಳು ಬಿಡುವುದಿಲ್ಲ.

ಆದ್ದರಿಂದ ಗಂಡ ಶ್ರೀಧರ ಮತ್ತು ಅವನ ಗೆಳೆಯ ಸುಬ್ರಾಯ ಹಳೆಯ ರೈಲು ದಾರಿ ಹಿಡಿದು ನಡೆಯಲು ಹೊರಟಾಗ ನಾನೂ ಜೀಪು ಹತ್ತಿದೆ. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಪುಟ್ಟ ರೈಲೊಂದು ಬರುತ್ತಿತ್ತು. ಕಂಬಿ ಯಾವತ್ತೋ ಎದ್ದುಹೋಗಿದೆ. ಉಳಿದಿರುವುದು ಅಲ್ಲಲ್ಲಿ ಮಣ್ಣಿನ ಏರಿ, ಕಲ್ಲಿನ ಮೋರಿ, ಹಳ್ಳದೊಳಗೆ ಸೇತುವೆಯ ಕಂಬ. ಆ ಕಂಬದವರೆಗೆ ನನ್ನ ಕಾಲಲ್ಲೇ ಹೋಗಬೇಕೆಂಬುದು ನನ್ನ ಹಟ. ಈ ಸಲ ಆಗದಿದ್ದರೆ ಇನ್ನು ಮುಂದೆ ಇವರು ನನ್ನನ್ನು ಎಲ್ಲಿಗೂ ಕರೆಯುವುದಿಲ್ಲ, ಅದೂ ಪ್ರೀತಿಯಿಂದಲೇ.

ಜೀಪಿನಲ್ಲಿ ಸುಬ್ರಾಯ ಶುರುಮಾಡಿದ. ರೈಲು ಎಷ್ಟು ನಿಧಾನವೆಂದರೆ ಅವನಜ್ಜ ಇಳಿದು, ನೇರಳೆಹಣ್ಣು ಕೊಯ್ದುಕೊಂಡು, ಅದೇ ಡಬ್ಬಿಗೆ ಹತ್ತುತ್ತಿದ್ದರಂತೆ. ಪ್ರಪಂಚದ ಪುಟ್ಟ ರೈಲುಗಳಿಗೆಲ್ಲ ಇಂಥ ಒಬ್ಬ ಅಜ್ಜ ಇರುತ್ತಾನೆ. ಇಷ್ಟು ದುಂಡಗಿನ ನೆನಪನ್ನು ನಾನು ನಂಬುವುದಿಲ್ಲ. ನನ್ನದನ್ನೂ ನಂಬುವುದಿಲ್ಲ: ಆ ದಿನ ಮಂಜು ಮುಸುಕಿತ್ತು ಎಂದು ಬರೆಯಲು ಈಗಲೂ ಕೈ ತುರಿಸುತ್ತಿದೆ. ಸುಡುಬಿಸಿಲಿತ್ತು.

ಕಾಡು ಹೊಕ್ಕ ಸ್ವಲ್ಪ ಹೊತ್ತಿಗೇ ಎರಡೂ ಬದಿ ನೆಟ್ಟಗೆ ಕಡಿದ ಮಣ್ಣಿನ ಓಣಿ ಸಿಕ್ಕಿತು. ಶ್ರೀಧರ ಅದರ ಗೋಡೆಯನ್ನು ಸವರಿದ. “ಎಂಥಾ ಚಂದ ಕಡ್ದಿದಾರೆ ನೋಡು ಮಾರಾಯ. ರೈಲು ಇಲ್ಲೇ ಹೋಗಿದ್ದು.”

ಸುಬ್ರಾಯ ಫೋಟೋ ತೆಗೆದ. ಓಣಿ ಏರತೊಡಗಿತು. ನಾಕು ಮಾರು ಹೋಗಿ ನಾನು ನಿಂತೆ. “ಇದು ರೈಲು ದಾರಿ ಅಲ್ಲ. ಮೊಣಕಾಲು ಒಪ್ತಾ ಇಲ್ಲ.”

“ನಿನ್ನ ಮೊಣಕಾಲು ರೈಲ್ವೇಲಿ ಎಷ್ಟು ವರ್ಷ ಸರ್ವೀಸ್ ಮಾಡಿತ್ತು?” ಎಂದ ಗಂಡ.

“ಪಿಂಚಣಿ ಬರ್ತದಾ ಕೇಳು,” ಎಂದ ಸುಬ್ರಾಯ.

ಓಣಿ ಗುಡ್ಡಕ್ಕೆ ಏಣಿಯಂತೆ ಹತ್ತಿ, ಒಂದು ಕಾಫಿ ತೋಟದ ಮುಳ್ಳುತಂತಿಗೆ ತಾಗಿ ನಿಂತಿತು. ಅದು ದನ ನುಗ್ಗದಂತೆ ತೋಟದವರು ತೋಡಿಸಿದ ಅಗಳು. ತಮ್ಮ ತೋಟಗಳಿಗೆ ಇಂಥದೇ ಅಗಳು ತೋಡಿಸುತ್ತಲೇ ತಲೆ ನರೆತ ಇಬ್ಬರೂ ಅದನ್ನು ಇತಿಹಾಸವೆಂದು ಫೋಟೋ ಹಿಡಿದಿದ್ದರು.

ರೈಲು ಪಾಪ, ಏರು ಹತ್ತಲಾರದ ಪ್ರಾಣಿ. ಗುಡ್ಡವನ್ನು ಎದುರಿಸುವುದಿಲ್ಲ, ಸುತ್ತುಬಳಸಿ, ಪುಸಲಾಯಿಸಿ, ಬಂದದ್ದು ಗೊತ್ತೇ ಆಗದಂತೆ ಮೇಲೆ ಬರುತ್ತದೆ. ನನ್ನಂಥದೇ ಕಾಲು ಅದರದು. ಹಾಗಾಗಿ ನಾನು ಮುಂದಾದೆ. ನೋವು ಎದ್ದರೆ ಪಕ್ಕಕ್ಕೆ ಸರಿಯುವುದು, ಸುಮ್ಮನಾದರೆ ನಡೆಯುವುದು. ಹೀಗೇ ಹೋಗುತ್ತಾ ಮೊಣಕಾಲು ಒಮ್ಮೆಲೇ ಮೌನವಾಯಿತು. ಬಗ್ಗಿ ನೋಡಿದರೆ ತರಗೆಲೆಯ ಅಡಿಯಲ್ಲಿ ಕಲ್ಲಿನ ಮೋರಿ. ಮುಂದೆ ಏರಿ, ಒಂದು ದೊಡ್ಡ ತಿರುವು, ಹಳ್ಳ; ಹಳ್ಳದ ನಡುವೆ ಪಾಚಿ ಹಿಡಿದ ಎರಡು ಕಂಬ. ಮೇಲೆ ಸೇತುವೆಯಿಲ್ಲ, ಬರೀ ಆಕಾಶ.

“ಸಾಕು, ಗೆದ್ದೆ ನೀನು. ತಿರುಗೋಣ,” ಎಂದ ಶ್ರೀಧರ.

ಗೆದ್ದದ್ದು ಹೌದು. ಆದರೆ ದಾರಿ ಆಚೆ ದಡದಲ್ಲೂ ಕಾಣುತ್ತಿತ್ತು. ಸೇತುವೆ ಇಲ್ಲದ ಕಡೆ ರೈಲು ನಿಲ್ಲಬೇಕು, ನಾನೇಕೆ ನಿಲ್ಲಬೇಕು? ಹಳ್ಳಕ್ಕಿಳಿಯುವ ಕಡಿದಾದ ದರೆಯ ಅಂಚಿಗೆ ಕೂತು, ಕೂತಲ್ಲೇ ಜಾರಿದೆ. ಚಪ್ಪಲಿ ಒಂದು ಕಡೆ, ಘನತೆ ಇನ್ನೊಂದು ಕಡೆ. ನೀರು ದಾಟಿ ಬೇರು ಹಿಡಿದು ಹತ್ತುವಾಗ ಮೊಣಕಾಲು ಗೊಣಗಿದ್ದು ನಿಜ. ಜೊತೆಗೆ ಬಂದವರು ಗೊಣಗುವ ಹಾಗೆ, ಬೇಡವೆನ್ನುವ ಹಾಗಲ್ಲ.

ಗಂಡ ಹಿಂದೆಯೇ ಇಳಿದು ನಡುಹಳ್ಳದಲ್ಲಿ ಪ್ಯಾಂಟು ನೆನೆಸಿಕೊಂಡು, “ಕೈ ಕೊಡೆ,” ಎಂದ. ದಡದ ಮೇಲಿಂದ ಬಗ್ಗಿ ಕೊಟ್ಟೆ.

ಈಗ ನೆಂಟರ ಮುಂದೆ ಅವನು ಹೇಳುವ ಕಥೆಯಲ್ಲಿ ಹಳ್ಳ ದೊಡ್ಡದಾಗಿದೆ, ನನ್ನನ್ನು ಕೈಹಿಡಿದು ದಾಟಿಸಿದವನು ಅವನೇ. ನಾನು ತಿದ್ದಲು ಹೋಗಿಲ್ಲ. ಆ ಕಥೆಯಲ್ಲೂ ನಾನು ದಾಟಿದ್ದೇನೆ.