ಘಡಿ ಕಾಕಾ ಹುಡುಕಿದ ಭೋಂಗಾ

ಘಡಿ ಕಾಕಾನ ಬಲಗಣ್ಣಿನ ಸುತ್ತ ಉಂಗುರ ಒತ್ತಿದಂಥ ಒಂದು ಕಲೆ ಇತ್ತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಗಡಿಯಾರ ರಿಪೇರಿ ಮಾಡಿದ ಗುರುತು ಅದು. ಜಹೀರಾಬಾದಿನಲ್ಲಿ ಅವರ ಅಂಗಡಿ ಎಷ್ಟು ಸಣ್ಣದೆಂದರೆ ಇಬ್ಬರು ಗಿರಾಕಿ ಬಂದರೆ ಒಬ್ಬರು ರಸ್ತೆಯಲ್ಲೇ ನಿಲ್ಲಬೇಕು. ಕೆಟ್ಟ ಗಡಿಯಾರ ತಂದವರಿಗೆ ಮೊದಲು "ಎಷ್ಟಕ್ಕ ನಿಂತದರಿ?" ಎಂದು ಕೇಳುತ್ತಿದ್ದರು, ಜ್ವರ ಯಾವಾಗ ಬಂತು ಎಂದು ಡಾಕ್ಟರ್ ಕೇಳಿದ ಹಾಗೆ.

ನಾನು ಅವರ ಹತ್ತಿರ ಹೊತ್ತುಕೊಂಡು ಹೋದದ್ದು ಒಂದು ಗ್ರಾಮೋಫೋನ್. ಸಿರ್ಗಾಪುರದ ಕಡೆ ಒಬ್ಬ ಸಾಹುಕಾರರ ವಾಡೆಯಲ್ಲಿ ಅದಕ್ಕೆ ಕೀಲಿ ತಿರುವುವುದು ಅವ್ವನ ಅಪ್ಪನ ಕೆಲಸವಾಗಿತ್ತು. ವಾಡೆ ಖಾಲಿಯಾದಾಗ ಅದನ್ನು ಅವರಿಗೇ ಕೊಟ್ಟರು. ಅಷ್ಟರಲ್ಲಿ ಅದರ ಭೋಂಗಾ, ಅಂದರೆ ಧ್ವನಿ ಹೊರಡುವ ದೊಡ್ಡ ಕಹಳೆ, ಮತ್ತು ಸೂಜಿ ಕೂಡಿಸುವ ಸೌಂಡ್ ಬಾಕ್ಸ್ ಎರಡೂ ಕಾಣೆಯಾಗಿದ್ದವು. ಸಣ್ಣವಳಿದ್ದಾಗ ಅವ್ವ ಬಾಗಿಲ ಹಿಂದೆ ನಿಂತು ಹಾಡು ಕೇಳಿದ್ದಳು. ಎದುರಿಗೆ ಕೂತು ಒಮ್ಮೆ ಕೇಳಬೇಕು ಎಂಬುದು ಅವಳ ಆಸೆ. ಕಿವಿ ದಿನೇ ದಿನೇ ಮಂದವಾಗುತ್ತಿತ್ತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿ ಟೀಚರ್ ಆದವಳು ನಾನು. ಕಂಡವರ ಹೊಲದಲ್ಲಿ ಕಳೆ ತೆಗೆದು ಓದಿಸಿದವಳು ಅವ್ವ. ಅವಳು ಬಾಯಿಬಿಟ್ಟು ನನ್ನನ್ನು ಕೇಳಿದ್ದು ಇದೊಂದೇ.

ಕಾಕಾ ಪೆಟ್ಟಿಗೆ ಬಿಚ್ಚಿ ಮೂಸಿ ನೋಡಿದರು.

"ಏನ್ ಹಾಕೀರಿ ಇದಕ್ಕ?"

"ದಸರಾಕ್ಕ ಪೂಜಿ ಮಾಡ್ತೀವ್ರಿ. ವಿಭೂತಿ, ಕುಂಕುಮ, ಕೊಬ್ಬರಿ ಎಣ್ಣಿ."

"ಒಳಗೂ?"

"ಒಳಗೂ."

"ಏನ್ರಿ ಟೀಚರಮ್ಮ! ಗುಡಿಯಾಗಿನ ಬಸವಣ್ಣನೂ ಇಷ್ಟು ಎಣ್ಣಿ ಕುಡಿದಿರಂಗಿಲ್ರಿ!"

ನನಗೆ ನಾಚಿಕೆಯಾಯಿತು. ಎಣ್ಣೆ ಅಂಟಾಗಿ ಚಕ್ರಗಳೆಲ್ಲ ಕಚ್ಚಿಕೊಂಡಿದ್ದವು. ಕಾಕಾ ಎಂಟು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರುಕಡ್ಡಿಯಿಂದ ಕೆರೆದರು. ಆಮೇಲೆ ಅವರದೇ ಫೋನ್ ಬಂತು. "ಅವ್ವಾರನ್ನೂ ಕರಕೊಂಡು ಬರ್ರಿ." ಹೋಗಿ ನೋಡಿದರೆ, ಕುಂಕುಮದ ಹೆಪ್ಪಿನ ಕೆಳಗಿದ್ದ ತಗಡಿನ ಪಟ್ಟಿಯಲ್ಲಿ ಮಶೀನಿನ ನಂಬರು ನಿನ್ನೆ ಕೊರೆದಂತೆ ಕಾಣುತ್ತಿತ್ತು. ತುಕ್ಕಿನ ಒಂದು ಚುಕ್ಕಿಯೂ ಇರಲಿಲ್ಲ.

"ಅವ್ವಾ, ನಿಮ್ಮ ಪೂಜಿ ಮಶೀನ್ ನಿಲ್ಲಿಸ್ತು, ನಂಬರ್ ಉಳಿಸ್ತು. ಇನ್ನ ಯಾವ ಸಾಮಾನು ಇದರದು, ಯಾವುದು ಅಲ್ಲ ಅಂತ ನಾ ಹೇಳಬಲ್ಲೆ."

ಅವ್ವ ನನ್ನ ಕಡೆ ನೋಡಿದ ನೋಟ ಏನು ಹೇಳಲಿ. ಪರೀಕ್ಷೆಯಲ್ಲಿ ತಾನೇ ಪಾಸಾದ ಹಾಗಿತ್ತು.

ನನಗೆ ಅವಸರ. ಹೈದರಾಬಾದಿನಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ಭೋಂಗಾ ಸಿಗುತ್ತದೆ, ಎಲ್ಲ ಮಶೀನಿಗೂ ಕೂಡುತ್ತದೆ, ತಂದುಬಿಡೋಣ ಎಂದೆ. ಫೋನಿನಲ್ಲಿ ಓದಿದ್ದನ್ನು ತೋರಿಸಿಯೂ ಆಯಿತು.

"ನೀವು ಬಿ.ಎಸ್ಸಿ. ಓದೀರಿ, ಛಲೋ ಆತು. ಆದ್ರ ಅದು ಮಶೀನಿಗೆ ಗೊತ್ತಿಲ್ಲಲ್ರಿ," ಎಂದರು ಕಾಕಾ. "ಇದರ ಅಸಲಿ ಭೋಂಗಾ ಬರೇ ತಗಡು, ಹಸಿರು ಬಣ್ಣ. ನಕಲಿ ಹಾಕಿದ್ರ ಸಪ್ಪಳ ಬರ್ತದ, ಆ ಧ್ವನಿ ಬರಂಗಿಲ್ಲ."

"ಅಷ್ಟರಾಗ ಅವ್ವನ ಕಿವಿ ಹೋದ್ರ?"

ಉತ್ತರ ಕೊಟ್ಟವಳು ಅವ್ವ. "ನಾ ಕಾಯ್ತೀನ್ರಿ. ನಮ್ಮಪ್ಪ ಕೇಳಿಸಿದ್ದ ಧ್ವನಿನೇ ಬೇಕು ನನಗ."

ಅಂದಿನಿಂದ ಗಡಿಯಾರ ತಂದವರಿಗೆಲ್ಲ ಇನ್ನೊಂದು ಪ್ರಶ್ನೆ: "ನಿಮ್ಮೂರಾಗ ಹಳೇ ಭೋಂಗಾ ಅದ ಏನ್ರಿ?" ಸೌಂಡ್ ಬಾಕ್ಸ್ ತಾಂಡೂರಿನ ಒಬ್ಬ ಹಳೇ ಸಾಮಾನಿನವನ ಮೊಳೆ ಡಬ್ಬಿಯಲ್ಲಿ ಸಿಕ್ಕಿತು. ಭೋಂಗಾ ಮಾತ್ರ ಮೂರು ತಿಂಗಳು ಸತಾಯಿಸಿತು. ಕೊನೆಗೆ ಪೆದ್ದೆಮುಲ್‌ನ ಒಬ್ಬ ರೈತ, "ಹಸಿರಂದು ನಮ್ಮನ್ಯಾಗ ಅದರಿ. ಚೀಲದ ಬಾಯಿಗಿಟ್ಟು ತೊಗರಿ ಸುರೀತೀವಿ" ಎಂದನಂತೆ. ಕಾಕಾ ಅಂಗಡಿ ಮುಚ್ಚಿ ಅವನ ಜೊತೆಗೇ ಬಸ್ಸು ಹತ್ತಿದರು. ಹೊಸ ತಗಡಿನ ಲಾಳಿಕೆ ಮಾಡಿಸಿಕೊಟ್ಟು, ಹಳೆಯದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು. ಮಶೀನಿಗೆ ಇಟ್ಟು ತಿರುವಿದರೆ ಟಕ್ ಎಂದು ಕೂತಿತು. ಒಳಗಿಂದ ನಾಲ್ಕು ತೊಗರಿ ಕಾಳು ಉದುರಿದವು.

ನಾರಾಯಣಖೇಡದ ನಮ್ಮ ಮನೆಗೆ ಕಾಕಾ ತಾವೇ ತಂದು ಹಚ್ಚಿದರು. ಅವ್ವನನ್ನು ಎದುರಿಗೆ ಕುರ್ಚಿ ಹಾಕಿ ಕೂರಿಸಿದೆವು. ಮಶೀನಿನ ಜೊತೆಗೇ ವಾಡೆಯಿಂದ ಬಂದಿದ್ದ ಶಹನಾಯಿ ರೆಕಾರ್ಡ್ ತಿರುಗಿತು. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಕೇಳಿಸಿತೋ ಇಲ್ಲವೋ? ಅವ್ವ ಕಣ್ಣು ಮುಚ್ಚಿದಳು, ತೆರೆದಳು, ಎರಡೂ ಕಿವಿಗೆ ಕೈ ಇಟ್ಟುಕೊಂಡಳು.

"ಅಯ್ಯ, ಎಷ್ಟು ಜೋರರಿ ಕಾಕಾ! ಜರಾ ಸಣ್ಣಗ ಮಾಡ್ರಿ!"

ಅದಕ್ಕೆ ಸಣ್ಣಗೆ ಮಾಡುವ ಗುಂಡಿಯೇ ಇಲ್ಲ. ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಗಲ ಮೇಲಿನ ಟವೆಲ್ಲನ್ನು ಮುದ್ದೆ ಮಾಡಿ ಭೋಂಗಾದೊಳಗೆ ತುರುಕಿ, "ಇದೊಂದು ಮಾತ್ರ ಅಸಲಿ ಅಲ್ರಿ" ಎಂದರು.

ಕಾಕಾ ಹೋದ ವರ್ಷ ತೀರಿಕೊಂಡರು. ಟವೆಲ್ ನಮ್ಮಲ್ಲೇ ಉಳಿಯಿತು. ಈಗ ಅದನ್ನು ಹೊರಗೆ ತೆಗೆದಿಟ್ಟೇ ರೆಕಾರ್ಡ್ ಹಚ್ಚುತ್ತೇವೆ. ಅವ್ವ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಓಣಿಯವರು ಬೈದರೆ ಬೈಯಲಿ.